ಚಿಟ್ಟೆಯನ್ನು ಮೆಚ್ಚಿದ ಕಣ್ಣು ಕಪ್ಪೆಯನ್ನೂ ಕಾಣಲಿ

ಅಂಗಳದ ಹೂವಿನ ಗಿಡದ ಮೇಲೆ ಚಿಟ್ಟೆಯೊಂದು ಬಂದು ಕುಳಿತರೆ ಮನೆಯವರು ಮಗುವನ್ನು ಎತ್ತಿಕೊಂಡು ಬಂದು ತೋರಿಸುತ್ತಾರೆ. ಅದೇ ಮನೆಯ ಬಚ್ಚಲ ಮೂಲೆಯಲ್ಲಿ ಕಪ್ಪೆಯೊಂದು ಕಂಡರೆ ಕಸಬರಿಗೆಗೆ ಕೈಹಾಕುತ್ತಾರೆ. ಚಿಟ್ಟೆಗೆ ನಾಡಿನ ಉತ್ತರ ಭಾಗದಲ್ಲಿ ಪಾತರಗಿತ್ತಿ ಎಂಬ ಮುದ್ದಿನ ಹೆಸರಿದೆ. ಸೀರೆಯ ಸೆರಗಿನಲ್ಲಿ, ರಂಗೋಲಿಯಲ್ಲಿ, ಮಕ್ಕಳ ಅಂಗಿಯಲ್ಲಿ ಅದಕ್ಕೆ ಸ್ಥಾನವಿದೆ. ಕಪ್ಪೆಗೆ ದೊರೆತಿರುವುದು ‘ಬಾವಿಯ ಕಪ್ಪೆ’ ಎಂಬ ಮೂದಲಿಕೆಯ ಮಾತು. ಮಳೆ ಕೈಕೊಟ್ಟ ವರ್ಷ ಮಾತ್ರ ಊರವರಿಗೆ ಅದರ ನೆನಪಾಗುತ್ತದೆ. ಆಗ ಕಪ್ಪೆಗಳಿಗೆ ಮದುವೆ ಮಾಡಿಸುವ ವಾಡಿಕೆ ಕೆಲವು ಊರುಗಳಲ್ಲಿ ಉಂಟು. ಮಳೆ ಬಂದ ಮೇಲೆ ಮತ್ತೆ ಕಸಬರಿಗೆಯೇ.

ಹೀಗೆ ಒಂದನ್ನು ಮೆಚ್ಚಿ ಇನ್ನೊಂದನ್ನು ಹೇಸುವ ನಾವು ಇವೆರಡರ ಬಾಳಿನಲ್ಲಿರುವ ಸಾಮ್ಯವನ್ನು ಗಮನಿಸುವುದು ಕಡಿಮೆ. ಚಿಟ್ಟೆಯೂ ಕಪ್ಪೆಯೂ ಒಂದು ರೂಪದಲ್ಲಿ ಹುಟ್ಟಿ ಇನ್ನೊಂದು ರೂಪದಲ್ಲಿ ಬಾಳುವ ಜೀವಿಗಳು. ಎಲೆ ತಿನ್ನುವ ಹುಳು ಮಕರಂದ ಹೀರುವ ಚಿಟ್ಟೆಯಾಗುತ್ತದೆ; ನೀರಿನಲ್ಲಿ ಈಜುವ ಗೊದಮೊಟ್ಟೆ ನೆಲದಲ್ಲಿ ಕುಪ್ಪಳಿಸುವ ಕಪ್ಪೆಯಾಗುತ್ತದೆ. ಇಂಥ ಜೀವಿಗಳಿಗೆ ಎರಡು ಮನೆಗಳು ಬೇಕು. ಬೆಳೆದ ಮೇಲೆ ಇರುವ ಮನೆಯನ್ನು ಮಾತ್ರ ಉಳಿಸಿ, ಹುಟ್ಟಿ ಬೆಳೆಯುವ ಮನೆಯನ್ನು ಕೆಡಿಸಿದರೆ ಆ ಜೀವಿ ಉಳಿಯದು. ಈ ಮಾತನ್ನು ಮನಗಾಣಲು ನಮ್ಮ ಸಹ್ಯಾದ್ರಿಯ ಎರಡು ಜೀವಿಗಳನ್ನು ಈ ಸಂಚಿಕೆಯಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ. ಒಂದು, ಕರ್ನಾಟಕದ ರಾಜ್ಯ ಚಿಟ್ಟೆ. ಇನ್ನೊಂದು, ಕುಂಬಾರನ ಹೆಸರನ್ನು ಹೊತ್ತ ಪುಟ್ಟ ಕಪ್ಪೆ.

ಹಕ್ಕಿಯಂಥ ಚಿಟ್ಟೆ

ನಮ್ಮ ರಾಜ್ಯ ಚಿಟ್ಟೆಯನ್ನು ಇಂಗ್ಲಿಷಿನಲ್ಲಿ ‘ಸದರ್ನ್ ಬರ್ಡ್‌ವಿಂಗ್’ ಎನ್ನುತ್ತಾರೆ; ದಕ್ಷಿಣದ ಹಕ್ಕಿರೆಕ್ಕೆ ಎಂದು ಅದರ ಅರ್ಥ. ಸಹ್ಯಾದ್ರಿ ಬರ್ಡ್‌ವಿಂಗ್ ಎಂಬ ಹೆಸರೂ ಬಳಕೆಯಲ್ಲಿದೆ. ಶಾಸ್ತ್ರೀಯ ನಾಮ ಟ್ರಾಯ್ಡಿಸ್ ಮಿನೋಸ್. ಭಾರತದ ರಾಜ್ಯಗಳಲ್ಲಿ ಚಿಟ್ಟೆಯೊಂದನ್ನು ತನ್ನ ಲಾಂಛನವಾಗಿ ಮೊದಲು ಆರಿಸಿಕೊಂಡದ್ದು ಮಹಾರಾಷ್ಟ್ರ, 2015ರಲ್ಲಿ. ಆಮೇಲೆ ಕರ್ನಾಟಕವು ಈ ಹಕ್ಕಿರೆಕ್ಕೆಯನ್ನು ಆರಿಸಿಕೊಂಡಿತು. ಮುಂದಿನ ರೆಕ್ಕೆಗಳು ಕಪ್ಪು, ಹಿಂದಿನ ರೆಕ್ಕೆಗಳು ಹೊಳೆಯುವ ಹಳದಿ, ಕೊರಳ ಬಳಿ ಕೆಂಪು. ನಮ್ಮ ನಾಡಧ್ವಜದ ಎರಡು ಬಣ್ಣಗಳೂ ಅದರ ಮೈಮೇಲಿವೆ. ಹೆಣ್ಣು ಗಂಡಿಗಿಂತ ದೊಡ್ಡದು. ಅದರ ಹಳದಿ ರೆಕ್ಕೆಯ ಮೇಲೆ ಕಪ್ಪು ಬೊಟ್ಟುಗಳ ಸಾಲಿರುತ್ತದೆ.

ಇದರ ಗಾತ್ರವೇ ಒಂದು ಸೋಜಿಗ. 1932ರಲ್ಲಿ ದಾಖಲಾದ ಒಂದು ಚಿಟ್ಟೆಯ ರೆಕ್ಕೆಯಗಲ 190 ಮಿಲಿಮೀಟರು, ಎಂದರೆ ಹೆಚ್ಚುಕಡಿಮೆ ಒಂದು ಗೇಣು. ಮುಂದೆ 88 ವರ್ಷಗಳವರೆಗೆ ಭಾರತದ ಅತಿದೊಡ್ಡ ಚಿಟ್ಟೆ ಎಂಬ ಹೆಗ್ಗಳಿಕೆ ಇದರದೇ ಆಗಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್ ಎಂಬಲ್ಲಿ ಸಿಕ್ಕ, ಇದೇ ಬಳಗದ ಚಿನ್ನದ ಹಕ್ಕಿರೆಕ್ಕೆಯ ಹೆಣ್ಣೊಂದು 194 ಮಿಲಿಮೀಟರು ಅಗಲವಿದ್ದು ಆ ಸ್ಥಾನವನ್ನು ಪಡೆಯಿತು. ಮಲೆನಾಡಿನಲ್ಲಿ ಬೆಳಗಿನ ಹೊತ್ತು ಇದು ಹೂವುಗಳ ಮೇಲೆ ಇಳಿಯುತ್ತದೆ. ಬಿಸಿಲೇರಿದಂತೆ ಮರಗಳ ತಲೆಯ ಮೇಲೆ ನಿಧಾನವಾಗಿ ತೇಲುತ್ತದೆ. ಹೊಸದಾಗಿ ಕಂಡವರು ಇದನ್ನು ಹಕ್ಕಿಯೆಂದೇ ಭ್ರಮಿಸಿದರೆ ಆಶ್ಚರ್ಯವಿಲ್ಲ.

ಇಷ್ಟು ದೊಡ್ಡ ಚಿಟ್ಟೆಯ ವಂಶವೆಲ್ಲ ನಿಂತಿರುವುದು ಬಳ್ಳಿಯೊಂದರ ಎಲೆಯ ಮೇಲೆ. ನಮ್ಮಲ್ಲಿ ಈಶ್ವರಿ ಬಳ್ಳಿ, ಈಶ್ವರಬೇರು ಎಂದು ಕರೆಯುವ ಗಿಡಮೂಲಿಕೆ ಹಾಗೂ ಅದರದೇ ಕುಟುಂಬದ ಇನ್ನು ಕೆಲವು ಬಳ್ಳಿ, ಪೊದೆಗಳನ್ನು ಬಿಟ್ಟರೆ ಇದರ ಮರಿಹುಳುವಿಗೆ ಬೇರೆ ಆಹಾರವಿಲ್ಲ. ಸಾವಿರ ಬಗೆಯ ಹಸುರು ತುಂಬಿದ ಕಾಡಿನಲ್ಲಿ ತಾಯಿ ಚಿಟ್ಟೆ ಆ ಒಂದು ಬಳ್ಳಿಯನ್ನು ಹುಡುಕಿ ತೆಗೆಯಬೇಕು. ಇದಕ್ಕೆ ಅದರ ಕಾಲೇ ನಾಲಗೆ. ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ಬಡಿದು, ಕಾಲಿನಲ್ಲಿರುವ ರುಚಿಗ್ರಾಹಕಗಳಿಂದ ಎಲೆಯ ರಸವನ್ನು ಪರೀಕ್ಷಿಸಿ, ಸರಿಯೆನಿಸಿದರೆ ಮಾತ್ರ ಮೊಟ್ಟೆಯನ್ನು ಒಂದೊಂದಾಗಿ ಅಂಟಿಸುತ್ತದೆ. ಅಲ್ಲಿಗೆ ತಾಯಿಯ ಕೆಲಸ ಮುಗಿಯಿತು. ಅದು ಮರಿಗೆ ಉಣಿಸುವುದಿಲ್ಲ, ಕಾಯುವುದಿಲ್ಲ, ಮತ್ತೆ ನೋಡುವುದೂ ಇಲ್ಲ. ಸರಿಯಾದ ಎಲೆಯನ್ನು ಆರಿಸಿದ್ದೇ ಅದು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ.

ಮಣ್ಣು ಮೆತ್ತುವ ತಂದೆ

ಇನ್ನು ಕಪ್ಪೆಯ ಕಡೆಗೆ ಬರೋಣ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನು ಹೆಸರಿಗೆ ತಕ್ಕ ಕಾಡು. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ವರ್ಷವಿಡೀ ನೀರು ಜಿನುಗುವ ಕಾಡಿನ ಜೌಗು ನೆಲ; ಅಲ್ಲಿನ ಮರಗಳ ಬೇರುಗಳು ಉಸಿರಾಟಕ್ಕಾಗಿ ಮೊಣಕಾಲು ಮಡಿಸಿದಂತೆ ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಇಲ್ಲಿನ ತೊರೆಗಳಲ್ಲಿ ಬಾಳುವ ಕಪ್ಪೆಯೊಂದನ್ನು ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿ 2014ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಅವರು ಅದಕ್ಕೆ ಇಟ್ಟ ಶಾಸ್ತ್ರೀಯ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಮೊದಲ ಪದಕ್ಕೆ ಇರುಳಿನ ಕಪ್ಪೆ ಎಂದರ್ಥ. ಎರಡನೆಯದು ನಮ್ಮ ಕನ್ನಡದ ಕುಂಬಾರನೇ. ಜಗತ್ತಿನ ಯಾವ ಮೂಲೆಯ ವಿದ್ವಾಂಸನೇ ಆಗಲಿ ಈ ಕಪ್ಪೆಯ ಹೆಸರು ಹೇಳಬೇಕಾದರೆ ಆ ಕನ್ನಡ ಪದವನ್ನು ಉಚ್ಚರಿಸಲೇಬೇಕು.

ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಜೀವಿ ಇದು. ಕಂದು ಮೈ, ಸುಕ್ಕುಗಟ್ಟಿದ ಚರ್ಮ. ಕಣ್ಣಿನ ಪಾಪೆ ಇಸ್ಪೀಟಿನ ಡೈಮಂಡು ಗುರುತಿನಂತೆ ನಾಲ್ಕು ಮೂಲೆಯದು. ಹಗಲಿನಲ್ಲಿ ಕಲ್ಲಿನ ಸಂದಿಯಲ್ಲಿ ಅಡಗಿದ್ದು ಇರುಳು ಹೊರಬರುತ್ತದೆ. ಮಳೆಗಾಲ ಬಂತೆಂದರೆ ತೊರೆಯ ಬದಿಯಲ್ಲಿ ಗಂಡು ಕೂಗಿ ಹೆಣ್ಣನ್ನು ಕರೆಯುತ್ತದೆ. ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆಗಳನ್ನು ಅಂಟಿಸುವ ಹೊತ್ತಿನಲ್ಲಿ ಕಪ್ಪೆಗಳು ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಲ್ಲುವುದನ್ನು ವಿಜ್ಞಾನಿಗಳು ಕಂಡರು. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಹೊರಟುಹೋಗುತ್ತದೆ.

ಆಗ ಆರಂಭವಾಗುವುದು ಗಂಡಿನ ಕಾಯಕ. ಅದು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರನ್ನು ಎತ್ತಿಕೊಂಡು, ಹಿಂಗಾಲುಗಳ ಮೇಲೆ ಎದ್ದುನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಾಗಿ ಕೆಸರನ್ನು ತರುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆಗಳೆಲ್ಲ ಮಣ್ಣಿನ ಹೊದಿಕೆಯೊಳಗೆ ಮರೆಯಾಗುವವರೆಗೂ ಈ ಕೆಲಸ ಸಾಗುತ್ತದೆ. ಮಡಕೆಯ ಮೈಗೆ ಕುಂಬಾರನು ಕೈಯಾಡಿಸುವಂತೆ ಅದರ ಕೈಗಳು ಆಡುವುದರಿಂದಲೇ ಈ ಹೆಸರು ಬಂದಿತು. ಮೊಟ್ಟೆ ಒಣಗದಂತೆ, ಬೇಟೆಗಾರ ಜೀವಿಗಳ ಕಣ್ಣಿಗೆ ಬೀಳದಂತೆ ಈ ಮಣ್ಣು ಕಾಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬಿದ್ದು ತಮ್ಮ ಬಾಳನ್ನು ತೊಡಗುತ್ತವೆ.

ಒಂದೆಡೆ ಎಲೆಯನ್ನು ಆರಿಸಿಕೊಟ್ಟು ಹಾರಿಹೋಗುವ ತಾಯಿ; ಇನ್ನೊಂದೆಡೆ ಮೊಟ್ಟೆಗಳಿಗೆ ಮಣ್ಣಿನ ಹೊದಿಕೆ ಹೊದಿಸುವ ತಂದೆ. ಯಾವುದು ಮೇಲು ಎಂದು ಕೇಳುವುದು ಸಲ್ಲದು. ಎಲೆಯ ಆಯ್ಕೆಯಲ್ಲಿ ತಪ್ಪಿದರೆ ಚಿಟ್ಟೆಯ ಮರಿ ಹಸಿವಿನಿಂದ ಸಾಯುತ್ತದೆ. ಮಣ್ಣಿನ ಮರೆ ಇಲ್ಲದೆ ಹೋದರೆ ಕಪ್ಪೆಯ ಮೊಟ್ಟೆ ಒಣಗಿಹೋಗಬಹುದು, ಇಲ್ಲವೇ ಇನ್ನೊಂದರ ತುತ್ತಾಗಬಹುದು. ಮಕ್ಕಳನ್ನು ಉಳಿಸಿಕೊಳ್ಳಲು ಒಂದೊಂದು ಜೀವಿಯೂ ತನಗೆ ಒಗ್ಗಿದ ದಾರಿಯನ್ನು ಹಿಡಿದಿದೆ.

ಮೈಯನ್ನೇ ಬದಲಿಸುವ ಬಗೆ

ಹಿಂದೊಮ್ಮೆ ಯುರೋಪಿನಲ್ಲಿ, ಹುಳು ಸತ್ತು ಅದರಿಂದ ಬೇರೊಂದು ಜೀವಿಯಾದ ಚಿಟ್ಟೆ ಹುಟ್ಟುತ್ತದೆ ಎಂಬ ನಂಬಿಕೆ ಇತ್ತು. 17ನೆಯ ಶತಮಾನದಲ್ಲಿ ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ ಎಂಬ ವಿಜ್ಞಾನಿ ಬಲಿತ ಹುಳುವಿನ ಚರ್ಮವನ್ನು ನಾಜೂಕಾಗಿ ಬಿಡಿಸಿ, ಮುಂದೆ ರೆಕ್ಕೆಯಾಗುವ ಭಾಗಗಳು ಆಗಲೇ ಒಳಗೆ ಮಡಿಸಿಕೊಂಡಿರುವುದನ್ನು ತೋರಿಸಿದನು. ಹುಳುವೂ ಚಿಟ್ಟೆಯೂ ಒಂದೇ ಜೀವಿಯ ಎರಡು ಹಂತಗಳೆಂದು ಸಿದ್ಧವಾಯಿತು. ಕೀಟಗಳ ಬೆಳವಣಿಗೆಯ ಹಂತಗಳ ಪಕ್ಕದಲ್ಲಿ ಕಪ್ಪೆಯ ಹಂತಗಳನ್ನೂ ಇಟ್ಟು ಹೋಲಿಸಿದವನೂ ಅವನೇ. ಅವನು 1680ರಲ್ಲಿ ತೀರಿಕೊಂಡನು. ಅವನ ಮಹಾಗ್ರಂಥವು ಅಚ್ಚಾದದ್ದು 1737–38ರಲ್ಲಿ. ಹೀಗೆ ಕಪ್ಪೆಯನ್ನೂ ಚಿಟ್ಟೆಯನ್ನೂ ಜೊತೆಗಿಟ್ಟು ನೋಡುವ ಕ್ರಮಕ್ಕೆ ಮುನ್ನೂರು ವರ್ಷಗಳ ಹಿನ್ನೆಲೆ ಉಂಟು.

ಇಂದು ಈ ರೂಪಾಂತರದ ಹಿಂದಿನ ರಸಗಳೂ ತಿಳಿದಿವೆ. ಗೊದಮೊಟ್ಟೆಯನ್ನು ಕಪ್ಪೆಯಾಗಿಸುವುದು ಥೈರಾಯ್ಡ್ ಗ್ರಂಥಿಯ ರಸ. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಪೂರ್ಣವಾಗಿ ಬೆಳೆಯುವ ಮೊದಲೇ ಅವಸರದಲ್ಲಿ ಕಿರುಗಪ್ಪೆಗಳಾದವು. ಅದೇ ಗ್ರಂಥಿ ನಮ್ಮ ಕೊರಳಲ್ಲೂ ಇದೆ. ಅದರ ರಸವೂ ಅದೇ. ಅಡುಗೆಮನೆಯಲ್ಲಿ ಅಯೋಡೀನು ಬೆರೆತ ಉಪ್ಪನ್ನು ಬಳಸಬೇಕೆಂದು ವೈದ್ಯರು ಹೇಳುವುದು ಈ ರಸ ತಯಾರಾಗಲು ಅಯೋಡೀನು ಬೇಕೆಂಬ ಕಾರಣಕ್ಕೆ. ಕಪ್ಪೆಗೂ ನಮಗೂ ಇಂಥ ಹತ್ತಿರದ ನಂಟು.

ಚಿಟ್ಟೆಯಲ್ಲಿ ಕೆಲಸ ಮಾಡುವುದು ಎಕ್ಡೈಸೋನ್ ಎಂಬ ಬೇರೆ ರಸ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲು ಬೇರ್ಪಡಿಸಿದರು. ಅದಕ್ಕಾಗಿ ಅವರು ಬಳಸಿದ್ದು ನಮ್ಮ ರೈತರಿಗೆ ಚಿರಪರಿಚಿತವಾದ ರೇಷ್ಮೆಹುಳುವಿನ ಪೊರೆಹುಳುಗಳನ್ನು. 500 ಕಿಲೋ ಪೊರೆಹುಳುಗಳಿಂದ ದೊರೆತ ಆ ರಸ ಕೇವಲ 25 ಮಿಲಿಗ್ರಾಂ! ಒಂದು ಚಿಟಿಕೆಗೂ ಕಡಿಮೆಯಾದ ಇಂಥ ರಸವೇ ಹುಳುವಿನ ಬಾಯಿಯ ಕತ್ತರಿಯನ್ನು ಮಕರಂದದ ಕೊಳವೆಯಾಗಿಸುವ ಕಾರ್ಯವನ್ನು ನಡೆಸುತ್ತದೆ.

ಇಬ್ಬರ ದಾರಿಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಚಿಟ್ಟೆಯ ಹುಳು ಕೊಂಬೆಗೆ ನೂಲಿನ ನಡುಪಟ್ಟಿ ಕಟ್ಟಿಕೊಂಡು ಪೊರೆಯೊಳಗೆ ಸೇರಿ, ಅಲುಗಾಡದೆ ಮೈಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕಪ್ಪೆಗೆ ಅಂಥ ಏಕಾಂತವಿಲ್ಲ. ಅದು ಎಲ್ಲರ ಕಣ್ಣೆದುರಿಗೆ, ನೀರಿನಲ್ಲಿ ಈಜುತ್ತಲೇ ಬದಲಾಗಬೇಕು. ಕಾಲುಗಳು ಮೂಡುತ್ತವೆ, ಕಿವಿರು ಹೋಗಿ ಶ್ವಾಸಕೋಶ ಬರುತ್ತದೆ, ಉದ್ದನೆಯ ಕರುಳು ಗಿಡ್ಡವಾಗುತ್ತದೆ, ಬಾಯಿಯ ಆಕಾರವೇ ಬೇರೆಯಾಗುತ್ತದೆ. ಬಾಯಿ ಬದಲಾಗುವ ದಿನಗಳಲ್ಲಿ ಅದು ಏನನ್ನೂ ತಿನ್ನಲಾರದು. ಆಗ ಕರಗುತ್ತಿರುವ ಬಾಲದ ಸತ್ವವೇ ಮೈಗೆ ಒದಗುತ್ತದೆ. ಅರ್ಧ ಮೀನು, ಅರ್ಧ ಕಪ್ಪೆಯಾಗಿರುವ ಆ ದಿನಗಳಲ್ಲಿ ಸರಿಯಾಗಿ ಈಜಲೂ ಆಗದು, ಸರಿಯಾಗಿ ಕುಪ್ಪಳಿಸಲೂ ಆಗದು. ಅದರ ಬಾಳಿನಲ್ಲಿ ಅತಿ ಅಪಾಯದ ಕಾಲವಿದು.

ವಿಷವೂ ರಕ್ಷೆಯೂ

ಈಶ್ವರಿ ಬಳ್ಳಿಯ ಎಲೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಹಕ್ಕಿರೆಕ್ಕೆಯ ಹುಳು ಅದನ್ನು ತಿಂದು, ತನಗೆ ಹಾನಿಯಾಗದಂತೆ ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ಹುಳು ಚಿಟ್ಟೆಯಾದ ಮೇಲೂ ಆ ವಿಷ ಅದರ ಮೈಯಲ್ಲಿ ಉಳಿಯುತ್ತದೆ. ಅದನ್ನು ಒಮ್ಮೆ ಕುಕ್ಕಿ ಕಹಿಯುಂಡ ಹಕ್ಕಿ ಆ ಬಣ್ಣವನ್ನು ಕಂಡರೆ ಮತ್ತೆ ಹತ್ತಿರ ಬರದು. ಆದುದರಿಂದಲೇ ಈ ಚಿಟ್ಟೆಗೆ ಅವಸರವಿಲ್ಲ, ರಾಜಗಾಂಭೀರ್ಯದಿಂದ ತೇಲುತ್ತದೆ. ಕುಂಬಾರ ಕಪ್ಪೆಯ ರಕ್ಷೆಯೋ ಕಲ್ಲು ಮಣ್ಣಿನ ಬಣ್ಣದಲ್ಲಿ ಬೆರೆತುಹೋಗುವುದು. ಒಂದು ತನ್ನನ್ನು ತೋರಿಸಿಕೊಂಡು ಬದುಕುತ್ತದೆ, ಇನ್ನೊಂದು ಅಡಗಿಕೊಂಡು ಬದುಕುತ್ತದೆ.

ಇಲ್ಲಿ ಗೃಹಸ್ಥರಾದ ನಾವು ಗಮನಿಸಲೇಬೇಕಾದ ಮಾತೊಂದಿದೆ. ಚಿಟ್ಟೆಯ ಹುಳುವಿಗೆ ಅಮೃತವಾದ ಈ ಬಳ್ಳಿ ಮನುಷ್ಯನ ಮೂತ್ರಪಿಂಡಗಳಿಗೆ ಘೋರ ವಿಷ. ಬೆಲ್ಜಿಯಂ ದೇಶದಲ್ಲಿ ಮೈ ಕರಗಿಸುವ ಮೂಲಿಕೆಯೆಂದು ಈ ಕುಟುಂಬದ ಸಸ್ಯವೊಂದು ಬೆರೆತ ಔಷಧವನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಹಾಳಾದುದನ್ನು ಅಲ್ಲಿನ ವೈದ್ಯರು 1993ರಲ್ಲಿ ವರದಿ ಮಾಡಿದರು. ಈ ಆಮ್ಲವು ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಾರಿದೆ. ನಮ್ಮ ಹಳ್ಳಿಗಳಲ್ಲಿ ಹಾವು ಕಡಿದವರಿಗೆ ಈಶ್ವರಿ ಬೇರನ್ನು ಅರೆದು ಕುಡಿಸುವ ಪದ್ಧತಿ ಹಿಂದಿನಿಂದ ಬಂದಿದೆ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಒಂದೇ. ಬೇರನ್ನು ಅರೆಯುತ್ತ ಕೂತರೆ ಅಮೂಲ್ಯವಾದ ಗಳಿಗೆಗಳು ಕಳೆದುಹೋಗುತ್ತವೆ. ಮೇಲೆ ಮೂತ್ರಪಿಂಡಕ್ಕೂ ಕೇಡು. ಬಳ್ಳಿಯನ್ನು ಬೆಳೆಸೋಣ, ಆದರೆ ಅದು ಚಿಟ್ಟೆಗಾಗಿ ಇರಲಿ. ಮನುಷ್ಯರ ಹೊಟ್ಟೆಗೆ ಬೇಡ.

ಯಾರಿಗೆ ಹೆಚ್ಚು ಆಪತ್ತು?

ಹಕ್ಕಿರೆಕ್ಕೆಯೂ ಕುಂಬಾರ ಕಪ್ಪೆಯೂ ಪಶ್ಚಿಮ ಘಟ್ಟದ ಸ್ವಂತ ಜೀವಿಗಳು. ಆದರೆ ಅವುಗಳ ಭಾಗ್ಯ ಒಂದೇ ಅಲ್ಲ. ಚಿಟ್ಟೆಗೆ ರೆಕ್ಕೆಯಿದೆ. ಒಂದು ಕಾಡು ಹೋದರೆ ಇನ್ನೊಂದಕ್ಕೆ, ಅಲ್ಲಿಂದ ಊರ ಹಿತ್ತಲಿಗೆ ಅದು ಹಾರಿಬರಬಲ್ಲದು. ಮಹಾರಾಷ್ಟ್ರದಿಂದ ಕೇರಳದವರೆಗೆ ಅದು ಕಾಣಸಿಗುತ್ತದೆ. ಸದ್ಯಕ್ಕೆ ಅದರ ಕುಲಕ್ಕೆ ಅಳಿವಿನ ಭಯವಿಲ್ಲವೆಂದು ತಜ್ಞರು ಎಣಿಸಿದ್ದಾರೆ. ಕಪ್ಪೆ ಹಾಗಲ್ಲ. ಅದು ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಕುಡಿಯುತ್ತದೆ. ಸುತ್ತಲಿನ ನೀರಿನಲ್ಲಿ ಏನಿದೆಯೋ ಅದೆಲ್ಲ ಅದರ ಮೈಸೇರುತ್ತದೆ. ಮೈ ಒಣಗಿದರೆ ಅದಕ್ಕೆ ಉಳಿಗಾಲವಿಲ್ಲ. ಒಂದು ಬಿಸಿಲು ಬಯಲನ್ನು ದಾಟಿ ಪಕ್ಕದ ತೊರೆಗೆ ಹೋಗುವುದೂ ಅದಕ್ಕೆ ದೇಶಾಂತರವೇ.

ಅದಕ್ಕೇ ಪಶ್ಚಿಮ ಘಟ್ಟದ ಮುನ್ನೂರಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಲ್ಲಿ ಇಲ್ಲಿಗೇ ಮೀಸಲಾದವು ಸುಮಾರು ಹತ್ತರಲ್ಲಿ ಒಂದು. ಕಪ್ಪೆ ಮೊದಲಾದ ಉಭಯವಾಸಿಗಳಲ್ಲಾದರೋ ಬಹುಪಾಲು ಇಲ್ಲಿ ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಇಲ್ಲ. ಇರುಳ ಕಪ್ಪೆಗಳ ಈ ಬಳಗದಲ್ಲೇ 2011ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು 12 ಹೊಸ ಪ್ರಭೇದಗಳನ್ನು ವರ್ಣಿಸಿದರು. 2017ರಲ್ಲಿ ಇನ್ನೂ 7 ಸೇರಿದವು. ಒಂದೊಂದು ಬೆಟ್ಟದ ಸಾಲಿಗೆ, ಒಂದೊಂದು ಹೊಳೆಯ ಕಣಿವೆಗೆ ಒಂದೊಂದು ಕಪ್ಪೆ ಎಂಬಂತಿದೆ. ಹೀಗಿರುವಾಗ ಒಂದು ತೊರೆ ಬತ್ತಿದರೆ ಒಂದು ಕುಲದ ಗೂಡೇ ಹೋಗಬಹುದು. ಜಗತ್ತಿನ ಸುಮಾರು 8,000 ಉಭಯವಾಸಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ 100ಕ್ಕೆ 41 ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗಿವೆ. ಹಕ್ಕಿಗಳಲ್ಲಿ ಈ ಪ್ರಮಾಣ ಸುಮಾರು 13.

ನಮ್ಮ ದೇಶವು ಈ ವಿಷಯದಲ್ಲಿ ಒಮ್ಮೆ ಎಚ್ಚೆತ್ತದ್ದುಂಟು. ಭಾರತದಿಂದ ಕಪ್ಪೆಯ ಕಾಲುಗಳು ಹೊರದೇಶಗಳ ಊಟದ ಮೇಜಿಗೆ ಹೋಗುತ್ತಿದ್ದ ಕಾಲವಿತ್ತು. ಗದ್ದೆಯ ಕೀಟಗಳನ್ನು ತಿಂದು ಪೈರನ್ನು ಕಾಯುವ ಜೀವಿಯನ್ನು ಹೀಗೆ ಮಾರುವುದು ಸಲ್ಲದೆಂಬ ಕೂಗು ಎದ್ದು, 1987ರಲ್ಲಿ ಸರಕಾರವು ಆ ರಫ್ತನ್ನು ನಿಲ್ಲಿಸಿತು. ಹಿಡಿದು ಮಾರುವುದು ನಿಂತರೂ ಹಳ್ಳ ಕೆರೆಗಳ ಕೇಡು ನಿಲ್ಲಲಿಲ್ಲ.

ತಿಳಿದು ಮಾಡುವ ಉಪಕಾರ

ಮರುಕವಿದ್ದರೆ ಸಾಲದು, ತಿಳಿವಳಿಕೆಯೂ ಬೇಕು. ಇದಕ್ಕೆ ಆಸ್ಟ್ರೇಲಿಯದ ನಿದರ್ಶನವೊಂದು ಕಣ್ಣು ತೆರೆಸುವಂತಿದೆ. ಅಲ್ಲಿ ನಮ್ಮ ಹಕ್ಕಿರೆಕ್ಕೆಯ ಹತ್ತಿರದ ಬಂಧುವಾದ ರಿಚ್ಮಂಡ್ ಹಕ್ಕಿರೆಕ್ಕೆ ಎಂಬ ಚಿಟ್ಟೆಯಿದೆ. ಈಶ್ವರಿ ಬಳ್ಳಿಯ ಕುಟುಂಬಕ್ಕೇ ಸೇರಿದ, ದಕ್ಷಿಣ ಅಮೆರಿಕದಿಂದ ಬಂದ ಅಂದದ ಹೂಬಳ್ಳಿಯೊಂದನ್ನು ಜನರು ತೋಟಗಳಲ್ಲಿ ನೆಟ್ಟರು. ತಾಯಿ ಚಿಟ್ಟೆ ಅದರ ರುಚಿಗೆ ಮೋಸಹೋಗಿ ಮೊಟ್ಟೆಯಿಟ್ಟಿತು. ಆ ಎಲೆಯನ್ನು ತಿಂದ ಹುಳುಗಳು ಸತ್ತವು. ಇದನ್ನರಿತ ವಿಜ್ಞಾನಿಗಳು 1990ರ ದಶಕದಲ್ಲಿ ಶಾಲಾಮಕ್ಕಳನ್ನು ಕೂಡಿಸಿಕೊಂಡು ಆ ಚಿಟ್ಟೆಗೆ ಒಗ್ಗುವ ಸ್ಥಳೀಯ ಬಳ್ಳಿಯನ್ನೇ ಸಾವಿರಾರು ಸಂಖ್ಯೆಯಲ್ಲಿ ನೆಡಿಸಿದರು. ಚೆಂದದ ಗಿಡವೆಲ್ಲ ಚಿಟ್ಟೆಗೆ ಹಿತವಲ್ಲ ಎಂಬ ಪಾಠವನ್ನು ನಾವು ನರ್ಸರಿಯಿಂದ ಬಳ್ಳಿ ಕೊಂಡು ತರುವಾಗ ನೆನೆಯಬೇಕು. ಹೂವು ಚಿಟ್ಟೆಗೆ ಊಟ ಕೊಟ್ಟೀತು. ಮಕ್ಕಳನ್ನು ಬೆಳೆಸಿಕೊಡಲು ಅದರದೇ ಎಲೆ ಬೇಕು.

ಮಲೆನಾಡಿನ ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮ 20ನೆಯ ಶತಮಾನದ ಆರಂಭದಿಂದ ನಮ್ಮಲ್ಲಿ ನಡೆದುಬಂದಿದೆ. ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಬೆಳೆಗಾರರಿಗೆ ಪರಿಚಯಿಸಿದವರಲ್ಲಿ ಪ್ರಮುಖರು. ಬೆಳೆಯನ್ನು ಉಳಿಸಿಕೊಳ್ಳುವುದು ರೈತನ ಧರ್ಮ. ಸಿಂಪಡಿಸಬೇಡಿ ಎಂದು ಯಾರೂ ಹೇಳಲಾರರು. ಆದರೆ ಈ ಸಿಂಪಡಣೆ ನಡೆಯುವುದೂ ಮಳೆಗಾಲದಲ್ಲೇ, ಕಪ್ಪೆಗಳು ಮೊಟ್ಟೆಯಿಡುವುದೂ ಮಳೆಗಾಲದಲ್ಲೇ. ಮೈಲುತುತ್ತದ ತಾಮ್ರ ಗೊದಮೊಟ್ಟೆಗಳಿಗೆ ವಿಷ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು, ಡ್ರಮ್ಮು ಪಂಪುಗಳನ್ನು ಹರಿಯುವ ತೊರೆಯಲ್ಲೇ ತೊಳೆಯುವುದು, ಇವೆರಡನ್ನು ಬಿಟ್ಟರೆ ಸಾಕು. ನೀರಿನಿಂದ ದೂರದಲ್ಲಿ ತೊಳೆದರೆ ಖರ್ಚೇನೂ ಬಾರದು. ಒಂದು ಪೀಳಿಗೆಯ ಕಪ್ಪೆಗಳು ಬದುಕುತ್ತವೆ. ಕಲ್ಲು, ಕಡ್ಡಿ, ಕೆಸರು ತುಂಬಿದ ಹಳ್ಳವನ್ನು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಸಿಮೆಂಟಿನ ಕಾಲುವೆಯಾಗಿಸಿದರೆ ಕುಂಬಾರ ಕಪ್ಪೆಗೆ ಮೆತ್ತಲು ಮಣ್ಣೇ ಸಿಗದು.

ಬಯಲುಸೀಮೆಯ ಬಂಧುಗಳ ಮನೆಯ ಬಳಿ ಕುಂಬಾರ ಕಪ್ಪೆ ಇರದು, ಹಕ್ಕಿರೆಕ್ಕೆಯೂ ಬಾರದು. ಆದರೆ ಅಲ್ಲಿಯೂ ಕೃಷಿಹೊಂಡವಿದೆ, ಕೆರೆಯಂಚಿದೆ, ಹಿತ್ತಲ ಕರಿಬೇವಿನ ಗಿಡವಿದೆ. ಕರಿಬೇವಿನ ಎಲೆಯನ್ನು ಹಸುರು ಹುಳುವೊಂದು ತಿನ್ನುತ್ತಿದ್ದರೆ ಅದು ಹೆಚ್ಚಾಗಿ ಚಿಟ್ಟೆಯ ಮಗುವೇ. ಒಗ್ಗರಣೆಗೆ ನಾಲ್ಕು ಎಸಳು ಕಡಿಮೆಯಾದೀತೆಂದು ಅದನ್ನು ಹೊಸಕಿ, ನಾಳೆ ಚಿಟ್ಟೆ ಬರಲಿಲ್ಲವೆಂದು ಕೊರಗಿದರೆ ಏನು ಬಂತು? ಹಾಗೆಯೇ ಮಳೆಯ ನೀರು ನಿಂತ ಹೊಂಡದಲ್ಲಿ ಕಪ್ಪು ಗೊದಮೊಟ್ಟೆಗಳು ಗುಂಪುಗೂಡಿದ್ದರೆ ಅದಕ್ಕೆ ಸೀಮೆಎಣ್ಣೆ ಸುರಿಯುವ ಮುನ್ನ ಒಂದು ಗಳಿಗೆ ಯೋಚಿಸಬೇಕು. ಅವೇ ನಾಳೆ ಹೊಲದ ಕೀಟಗಳನ್ನು ಹಿಡಿಯುವ ಕಾವಲುಗಾರರು.

ಮನೆಯ ಮಕ್ಕಳಿಗೆ ತಾಯಂದಿರು ಈ ಮಳೆಗಾಲದಲ್ಲಿ ಒಂದು ಕೆಲಸ ಹೇಳಬಹುದು. ಒಂದು ಹುಳುವನ್ನು ಅದು ಕುಳಿತ ಗಿಡದಲ್ಲೇ, ಒಂದು ಗೊದಮೊಟ್ಟೆಯ ಗುಂಪನ್ನು ಅದು ಇರುವ ಹೊಂಡದಲ್ಲೇ, ಮುಟ್ಟದೆ ದಿನವೂ ನೋಡಿ ಪುಸ್ತಕದಲ್ಲಿ ಬರೆದಿಡಲಿ. ಯಾವ ದಿನ ಕಾಲು ಮೂಡಿತು, ಯಾವ ದಿನ ಹುಳು ಉಣ್ಣುವುದನ್ನು ನಿಲ್ಲಿಸಿತು, ಯಾವ ದಿನ ಪೊರೆ ಬಿರಿಯಿತು ಎಂಬುದನ್ನು ಕಣ್ಣಾರೆ ಕಂಡ ಮಗು ಮುಂದೆ ಕಪ್ಪೆಯನ್ನು ಕಂಡು ಕಸಬರಿಗೆ ಹುಡುಕದು. ಹಿರಿಯರು ಮಾಡಬೇಕಾದ್ದು ಆ ಗಿಡವನ್ನೂ ಆ ಹೊಂಡವನ್ನೂ ಮುಂದಿನ ಮಳೆಗಾಲಕ್ಕೆ ಉಳಿಸಿಡುವುದು.